ಬಳಪದ ಕಲ್ಲಿಗೆ ಓರೆ ಬಿಸಿಲು

ಕಣಕಟ್ಟೆ ಕಡೆಯಿಂದ ಕ್ಯಾಮೆರಾ ಹೆಗಲಿಗೇರಿಸಿ ಹೊರಟವರು ಬೆಳಗ್ಗೆಯೇ ಅರಸೀಕೆರೆಯ ಈಶ್ವರ ದೇವಾಲಯ ನೋಡಿಬಿಡುವುದು ಒಳ್ಳೆಯದು. 1220ರ ಸುಮಾರಿನ ಈ ಗುಡಿಯ ಮುಂದಿರುವ ನಕ್ಷತ್ರಾಕಾರದ ತೆರೆದ ಮಂಟಪ ಹೊಯ್ಸಳರ ಕಟ್ಟಡಗಳಲ್ಲೇ ಅಪರೂಪದ್ದು. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಅರಸೀಕೆರೆಗೆ ಆ ಭಾಗ್ಯವಿಲ್ಲ. ಜನಜಂಗುಳಿಯೂ ಇಲ್ಲ, ಚಿತ್ರ ತೆಗೆಯುವವರಿಗೆ ಅದೇ ಲಾಭ!

ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದು. ಮದನಿಕೆಯರು ಸೂರಿನಡಿ ಓರೆಯಾಗಿ ನಿಂತಿರುವುದರಿಂದ ಮೊಬೈಲಿಗೆ ಸುಲಭಕ್ಕೆ ದಕ್ಕುವುದಿಲ್ಲ; ದೂರದಿಂದ ಹಿಡಿಯುವ ಜೂಮ್ ಲೆನ್ಸ್ ಬೇಕು. ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರಂಥ ಶಿಲ್ಪಿಗಳ ಹೆಸರುಗಳಿವೆ. ಅವನ್ನೂ ಬಿಡದೆ ಸೆರೆಹಿಡಿಯಬೇಕು.

ಹಳೇಬೀಡನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳುವುದೇ ಜಾಣತನ. ಹೊಯ್ಸಳೇಶ್ವರನ ಗರ್ಭಗುಡಿಗಳು ಪೂರ್ವಾಭಿಮುಖ. ದೊಡ್ಡ ಶಿಲ್ಪಗಳ ಸಾಲು ಹಿಂಬದಿಯ ಪಶ್ಚಿಮ ಗೋಡೆಯಲ್ಲಿದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ತಳದ ಆನೆಗಳ ಸೊಂಡಿಲು, ಕುದುರೆಗಳ ಲಗಾಮು, ಕೈಲಾಸವೆತ್ತುವ ರಾವಣನ ತೋಳುಗಳು ನೆರಳಿನಿಂದ ಎದ್ದು ಬರುತ್ತವೆ. ಕಡೆದಾಗ ಮೆದುವಾಗಿದ್ದು ಬರಬರುತ್ತ ಗಟ್ಟಿಯಾಗುವ ಬಳಪದ ಕಲ್ಲು ಕೂದಲೆಳೆಯಷ್ಟು ಸೂಕ್ಷ್ಮ ಕೆತ್ತನೆಗೂ ಒಗ್ಗಿದೆ. ನಡುಹಗಲಲ್ಲಿ ಇದೇ ಗೋಡೆ ಚಪ್ಪಟೆ.

ಸಮೀಪದ ಬಸ್ತಿಹಳ್ಳಿಯ ಜೈನ ಬಸದಿಗಳತ್ತ ಪ್ರವಾಸಿಗರು ಹೆಚ್ಚು ಸುಳಿಯುವುದಿಲ್ಲ. ಪಾರ್ಶ್ವನಾಥ ಬಸದಿಯ ಕಂಬಗಳ ಹೊಳಪಿನಲ್ಲಿ ನೋಡುಗರ ಬಿಂಬವೇ ಮೂಡುತ್ತದೆ.

ಒಂದು ಮಾತು: ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಡ್ರೋನ್ ಬಳಸಲು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.