ಬಸ್ ನಿಲ್ದಾಣದ ಭಿತ್ತಿಯಲ್ಲಿ ಸರ್ಕಾರಿ ವೆಚ್ಚ: ಒಂದು ಪ್ರಚಾರ ವಿನ್ಯಾಸ

ಸರ್ಕಾರಿ ವೆಚ್ಚವನ್ನು ಜನತೆಗೆ ತಿಳಿಸುವ ಫಲಕ ಹೇಗಿರಬೇಕೆಂಬುದು ಮೇಲ್ನೋಟಕ್ಕೆ ಆಡಳಿತದ ಪ್ರಶ್ನೆ. ಮೂಲತಃ ಅದು ಭಾಷೆಯ ಪ್ರಶ್ನೆಯೂ ಹೌದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿಗಳ ನಿಲ್ದಾಣಗಳನ್ನು ಲಕ್ಷ್ಯದಲ್ಲಿರಿಸಿಕೊಂಡು ಅಂಥ ಪ್ರಚಾರದ ಸ್ವರೂಪವನ್ನು ಇಲ್ಲಿ ವಿವೇಚಿಸಲಾಗಿದೆ.

ಈ ಐದರಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳಿಗೆ ಹೊಸಪೇಟೆ–ಹರಿಹರ ರೈಲುಮಾರ್ಗವಿದೆ. ಕೂಡ್ಲಿಗಿ, ಹಡಗಲಿಗಳಿಗೆ ಬಸ್ಸೇ ಆಧಾರ. ದುಡಿಮೆಗೆ ಗುಳೆ ಹೊರಡುವವರು, ಸಂತೆಗೆ ಬರುವವರು, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಉಚಿತವಾಗಿ ಪ್ರಯಾಣಿಸುವ ಮಹಿಳೆಯರು ಬಸ್ ನಿಲ್ದಾಣದಲ್ಲಿ ಒಂದೆಡೆ ಸೇರುತ್ತಾರೆ. ಕಾಯುವ ಬಿಡುವು ಇಲ್ಲಿನ ಓದುಗನಿಗಿದೆ. ಆದುದರಿಂದ ಹೆದ್ದಾರಿಯ ಫಲಕಕ್ಕೆ ಸಲ್ಲದ ವಿವರ ಇಲ್ಲಿಗೆ ಸಲ್ಲುತ್ತದೆ.

ಇದಕ್ಕೆ ಶಾಸನಾತ್ಮಕ ಆಧಾರವೂ ಉಂಟು. ಮಾಹಿತಿ ಹಕ್ಕು ಕಾಯ್ದೆ, 2005ರ 4ನೆಯ ಪ್ರಕರಣವು ಆಯವ್ಯಯದ ಹಂಚಿಕೆ, ಉದ್ದೇಶಿತ ವೆಚ್ಚ ಮತ್ತು ಹಣ ಬಟವಾಡೆಯ ವರದಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿರಿಸಬೇಕೆಂದೂ ಸೂಚಿಸುತ್ತದೆ. ಸೂಚನಾ ಫಲಕ, ಸಾರ್ವಜನಿಕ ಘೋಷಣೆಗಳನ್ನು ಅದು ಹೆಸರಿಸಿಯೇ ಹೇಳಿದೆ. ಸರ್ಕಾರಿ ಜಾಹೀರಾತು ಆಳುವ ಪಕ್ಷದ ಹಿತಕ್ಕೆ ಬಳಕೆಯಾಗಬಾರದೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮೇ ತಿಂಗಳಲ್ಲಿ ಎತ್ತಿಹಿಡಿದು, ಭಾವಚಿತ್ರಗಳಿಗೆ ಮಿತಿ ಹಾಕಿತು. 2016ರಲ್ಲಿ ಮುಖ್ಯಮಂತ್ರಿ, ಸಚಿವರ ಚಿತ್ರಗಳಿಗೆ ಮತ್ತೆ ಅವಕಾಶ ದೊರೆಯಿತು.

ಈ ಸಂದರ್ಭದಲ್ಲಿ ನಮ್ಮ ದಾನಶಾಸನಗಳು ನೆನಪಾಗುತ್ತವೆ. ಹರಪನಹಳ್ಳಿ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯ ಕಲ್ಯಾಣ ಚಾಳುಕ್ಯರ ಕಾಲದ ಶಾಸನಗಳಿಗೆ ಪ್ರಸಿದ್ಧವಾದುದು. ದಾನಶಾಸನದಲ್ಲಿ ಸಾಮಾನ್ಯವಾಗಿ ಅರಸನ ಪ್ರಶಸ್ತಿ ಇರುತ್ತದೆ, ನಿಜ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ದತ್ತಿ ಬಿಟ್ಟವರು ಯಾರು, ಯಾವ ದಿನ, ಯಾವ ಕಾರ್ಯಕ್ಕೆ, ಎಷ್ಟು ಮತ್ತರು ಭೂಮಿ, ಅದರ ಎಲ್ಲೆ ಯಾವುದು ಎಂಬುದನ್ನೆಲ್ಲ ಹೇಳಿ, ಅಳಿದವನಿಗೆ ಪಾಪವನ್ನೂ ವಿಧಿಸುತ್ತದೆ. ಭಾವಚಿತ್ರ ಮತ್ತು ಕೋಟಿಗಳ ಒಟ್ಟು ಮೊತ್ತವಷ್ಟೇ ಇರುವ ಫಲಕವು ಪ್ರಶಸ್ತಿಯನ್ನು ಉಳಿಸಿಕೊಂಡು ಅಳತೆಯನ್ನೂ ಎಲ್ಲೆಯನ್ನೂ ಕೈಬಿಟ್ಟಂತೆ.

ಆದ್ದರಿಂದ ಪ್ರತಿ ಫಲಕಕ್ಕೂ ಒಂದೇ ಊರು, ಒಂದೇ ಕಾಮಗಾರಿ ಸಾಕು. ಮಂಜೂರಾದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಎಂಬ ಮೂರು ಸಾಲುಗಳು ಬೇರೆಬೇರೆಯಾಗಿರಬೇಕು. ಈ ಮೂರರ ಅಂತರದಲ್ಲಿಯೇ ನಾಗರಿಕನ ಪ್ರಶ್ನೆ ಹುಟ್ಟುತ್ತದೆ. 'ರೂ. ಲಕ್ಷಗಳಲ್ಲಿ 18.50' ಎಂಬ ಕಡತದ ಭಾಷೆಗೆ ಬದಲಾಗಿ 'ಹದಿನೆಂಟೂವರೆ ಲಕ್ಷ ರೂಪಾಯಿ' ಎಂದೇ ಬರೆಯುವುದು ಉಚಿತ. ಫಲಕ ಬರೆದ ದಿನಾಂಕ ಇರಲೇಬೇಕು. ಓದು ಬಾರದವರಿಗಾಗಿ ಅದೇ ಒಕ್ಕಣೆಯನ್ನು ನಿಲ್ದಾಣದ ಧ್ವನಿವರ್ಧಕದಲ್ಲಿಯೂ ಹೇಳಬಹುದು.

ಕೊನೆಯ ಸಾಲು, ಯಾರನ್ನು ಕೇಳಬೇಕೆಂಬುದು. ಈ ಭಾಗದಲ್ಲಿ ಇದು ಸಣ್ಣ ಸಂಗತಿಯಲ್ಲ. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಕಚೇರಿಗಳು ಬದಲಾದಂತೆಲ್ಲ ಅಹವಾಲಿನ ವಿಳಾಸವೂ ಬದಲಾಗಿದೆ. ಸಂವಿಧಾನದ 371(ಜೆ) ವಿಧಿಯು ಈ ಪ್ರದೇಶದ ಅಭಿವೃದ್ಧಿ ಮಂಡಳಿಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಲು ಅವಕಾಶ ಕಲ್ಪಿಸಿದೆ. ಅದರ ಒಂದು ಪುಟ, ಕೇಳಬೇಕಾದ ಕಚೇರಿಯ ಹೆಸರಿನೊಂದಿಗೆ, ಬಸ್ಸಿಗೆ ಕಾಯುವವರ ಮುಂದೆಯೂ ಬರುವುದು ನ್ಯಾಯವಾದುದು.