ಕಡಲ ಗಾಳಿಯಲ್ಲಿ ಕಟ್ಟಿಗೆ ಬೇಲಿ ಉಳಿಸುವುದು

ನಮ್ಮ ಅರಭಾವಿ ಕಡೆ ಬೇಲಿಗೆ ಯಾರೂ ಬಣ್ಣ ಹಚ್ಚುವುದಿಲ್ಲ. ಹೊಲದ ಬದುವಿಗೆ ಜಾಲಿ ಕಂಟಿ ಕಡಿದು ಒಗೆದರೆ ಅದೇ ಬೇಲಿ. ಒಣಗಿ ಮುರಿದರೆ ಒಲೆಗೆ ಹೋಯಿತು, ಮತ್ತೆ ಹೊಸ ಕಂಟಿ ಬಂತು. ಕಟ್ಟಿಗೆಗೆ ಆರೈಕೆ ಅಂತ ಸಿಗುತ್ತಿದ್ದುದು ಮನೆಯ ತಲಬಾಗಿಲಿಗೆ ಮಾತ್ರ. ಹಬ್ಬಕ್ಕೆ ಮುಂಚೆ ಧೂಳು ಒರೆಸಿ, ಅಗಸಿ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ತಿಕ್ಕಿದರೆ ಕೆಲಸ ಮುಗೀತು. ಅಷ್ಟಕ್ಕೇ ಸಾಗವಾನಿ ಬಾಗಿಲು ಮೂರು ತಲೆಮಾರು ನಿಲ್ಲುತ್ತಿತ್ತು.

ಅದೇ ಕಟ್ಟಿಗೆಯನ್ನು ಘಟ್ಟ ಇಳಿಸಿ ಸಮುದ್ರದ ಹತ್ತಿರ ಒಯ್ದರೆ ಲೆಕ್ಕವೆಲ್ಲ ಬದಲಾಗುತ್ತದೆ. ಕುಮಟಾ, ಹೊನ್ನಾವರ, ಉಡುಪಿ ಕಡೆ ಸಣ್ಣದೊಂದು ಮನೆ, ಅದರ ಸುತ್ತ ಕಟ್ಟಿಗೆ ಬೇಲಿ ಎಂದು ಕನಸು ಕಾಣುವ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. ಬೇಲಿ ಹಾಕಿಸಿದ ಮೇಲೆ ಅವರೆಲ್ಲ ಕೇಳುವ ಪ್ರಶ್ನೆ ಒಂದೇ: "ಒಳ್ಳೇ ವಾರ್ನಿಶ್ ಯಾವುದು?" ಉತ್ತರ ಡಬ್ಬಿಯ ಹೆಸರಿನಲ್ಲಿ ಇಲ್ಲ. ಕರಾವಳಿಯ ಬೇಲಿಗೆ ನೀರು ಒಳಗೆ ಬರದಂತೆ ತಡೆಯುವುದಕ್ಕಿಂತ, ಒಳಗೆ ಬಂದ ನೀರು ಹೊರಗೆ ಹೋಗಲು ದಾರಿ ಬಿಡುವುದು ಮುಖ್ಯ.

ಗೋಕಾಕದಿಂದ ಕುಮಟೆಗೆ

ಈ ವಿಷಯ ನನ್ನ ಮನೆ ಬಾಗಿಲಿಗೆ ಬಂದದ್ದು 2019ರ ಆಗಸ್ಟ್ ಪ್ರವಾಹದ ನಂತರ. ಆ ವರ್ಷ ಘಟಪ್ರಭಾ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ನಮ್ಮ ಅಜ್ಜನ ಮನೆಯ ಮಣ್ಣಿನ ಗೋಡೆ ಕುಸಿದವು. ಉಳಿದದ್ದು ಕಟ್ಟಿಗೆ: ಎರಡು ಜೋಡಿ ಬಾಗಿಲು, ಚೌಕಟ್ಟು, ನಾಲ್ಕು ಕಂಬ, ಒಂದಷ್ಟು ಜಂತಿ. ಮಾರಿದರೆ ಒಳ್ಳೇ ರೊಕ್ಕ ಬರುತ್ತಿತ್ತು. ಅವ್ವ ಒಪ್ಪಲಿಲ್ಲ. "ಮನಿ ಅಂತೂ ಹೋತು, ಬಾಗಲಾನರ ಇರಲಿ" ಅಂದಳು. ಕುಮಟೆಯಲ್ಲಿ ನಾವಿರುವ ಮನೆಯ ಮುಂದೆ ಬೇಲಿ, ಗೇಟು ಮಾಡಿಸುವುದೆಂದು ತೀರ್ಮಾನವಾಯಿತು. ಪ್ರವಾಹದಿಂದ ಪಾರಾದ ಕಟ್ಟಿಗೆ ಸಮುದ್ರದ ಗಾಳಿಗೆ ಹಾಳಾಗಬಾರದು, ಇಷ್ಟೇ ನಮಗಿದ್ದ ಷರತ್ತು.

ನೀರಲ್ಲಿ ನೆನೆದ ಕಟ್ಟಿಗೆಯನ್ನು ಬಿಸಿಲಿಗೆ ಹಾಕಬಾರದು. ಹೊರಗಿನ ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ನಡುವೆ ಸೀಳು ಬಿಡುತ್ತದೆ. ಗೋಕಾಕದ ನಮ್ಮ ಬಡಿಗೇರ ಕಾಕಾ ನೆರಳಲ್ಲಿ, ನೆಲಕ್ಕೆ ತಾಗದಂತೆ, ಹಲಗೆ ಹಲಗೆಯ ನಡುವೆ ಪಟ್ಟಿ ಇಟ್ಟು ಒಟ್ಟಿಸಿದರು. ಆರು ತಿಂಗಳು ಮುಟ್ಟಬೇಡಿ ಎಂದರು. ಏನು ಬಣ್ಣ ಹಚ್ಚೋಣ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಹೀಗೆ: "ಏನರ ಹಚ್ರಿ ತಂಗೀ, ಕಟ್ಟಿಗಿ ನೀರು ಕುಡದ ಕುಡೀತೈತಿ. ಕುಡದದ್ದು ಹೊರಗ ಬರಾಕ ಹಾದಿ ಇರಬೇಕು ನೋಡ್ರಿ."

ಎರಡು ಹವೆ, ಎರಡು ಶತ್ರು

ಕಟ್ಟಿಗೆ ಸುತ್ತಲಿನ ಗಾಳಿಯ ತೇವದ ಜೊತೆ ಸದಾ ಕೊಡುಕೊಳ್ಳುವ ವ್ಯವಹಾರದಲ್ಲಿ ಇರುತ್ತದೆ. ಬೇಸಿಗೆಯ ಗೋಕಾಕದಲ್ಲಿ ಒಳ್ಳೆ ಒಣ ಹಲಗೆಯ ತೇವಾಂಶ ಶೇ 7–8ಕ್ಕೆ ಇಳಿಯಬಹುದು. ಮಳೆಗಾಲದ ಕರಾವಳಿಯಲ್ಲಿ ಗಾಳಿಯ ಆರ್ದ್ರತೆ ಶೇ 85 ದಾಟಿದಾಗ ಅದೇ ಹಲಗೆ, ಮಳೆಗೆ ನೆನೆಯದಿದ್ದರೂ, ಶೇ 18ರ ಹತ್ತಿರ ಹೋಗುತ್ತದೆ. ಶೇ 20 ದಾಟಿತೆಂದರೆ ಕೊಳೆಸುವ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ. ಭಾರತೀಯ ಮಾನಕ ಐಎಸ್ 287 ದೇಶವನ್ನು ಆರ್ದ್ರತೆಯ ಮೇಲೆ ನಾಲ್ಕು ವಲಯ ಮಾಡಿ, ಎಲ್ಲಿ ಬಳಸುವ ಕಟ್ಟಿಗೆ ಎಷ್ಟು ಒಣಗಿರಬೇಕು ಎಂದು ಹೇಳುವುದು ಇದೇ ಕಾರಣಕ್ಕೆ.

ನಮ್ಮ ಬಯಲುಸೀಮೆಯಲ್ಲಿ ಕಟ್ಟಿಗೆಯ ಶತ್ರು ಬಿಸಿಲು ಮತ್ತು ಗೆದ್ದಲು. ಕರಾವಳಿಯಲ್ಲಿ ಇವೆರಡೂ ಇವೆ, ಜೊತೆಗೆ 3,500 ಮಿಲಿಮೀಟರ್ ಆಸುಪಾಸಿನ ಮಳೆ, ಅದರ ಮೇಲೆ ಉಪ್ಪು. ಗಾಳಿಯಲ್ಲಿ ತೇಲಿ ಬಂದು ಕೂರುವ ಉಪ್ಪಿನ ಕಣ ಶೇ 75ಕ್ಕಿಂತ ಹೆಚ್ಚು ಆರ್ದ್ರತೆಯಲ್ಲಿ ತಾನಾಗಿ ನೀರೆಳೆದು ಕರಗುತ್ತದೆ. ಮಳೆ ಇಲ್ಲದ ದಿನವೂ ಬೇಲಿ ಅಂಟಂಟು ಅನಿಸುವುದು ಅದಕ್ಕೇ.

ಅಜ್ಜಿಯ ಎಣ್ಣೆಗೆ ಇಲ್ಲಿ ಏನಾಗುತ್ತದೆ?

ಅಗಸಿ ಎಣ್ಣೆ ಒಣಗುವ ಎಣ್ಣೆ. ಗಾಳಿಯ ಆಮ್ಲಜನಕದ ಜೊತೆ ಸೇರಿ ಕಟ್ಟಿಗೆಯ ರಂಧ್ರದಲ್ಲೇ ಗಟ್ಟಿಯಾಗುತ್ತದೆ. ಕುಸುಬಿ ಎಣ್ಣೆಯೂ ಒಣಗುತ್ತದೆ, ಆದರೆ ನಿಧಾನ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ. ಹಚ್ಚಿದರೆ ಜಿಗುಟಾಗಿ ಧೂಳು ಹಿಡಿಯುತ್ತವೆ. ಹಿಂಗಾರಿಗೆ ಅಗಸಿ, ಕುಸುಬಿ ಬೆಳೆಯುತ್ತಿದ್ದ ನಮ್ಮ ಜನಕ್ಕೆ ಈ ವ್ಯತ್ಯಾಸ ಪುಸ್ತಕ ಓದದೆ ಗೊತ್ತಿತ್ತು.

ಆದರೆ ಹಸಿ ಅಗಸಿ ಎಣ್ಣೆ ಬೂಷ್ಟಿಗೆ ಊಟ. ಒಣ ಹವೆಯಲ್ಲಿ ಇದು ತೊಂದರೆ ಕೊಡುವುದಿಲ್ಲ, ಕರಾವಳಿಯಲ್ಲಿ ಕೊಡುತ್ತದೆ. ಬೇಲಿ ಕೆಲಸ ಶುರು ಮಾಡುವ ಮೊದಲು ನಾನು ಜಂತಿಯ ನಾಲ್ಕು ತುಂಡು ತೆಗೆದು ಒಂದು ಮಳೆಗಾಲ ಹಿತ್ತಲಲ್ಲಿ ನಿಲ್ಲಿಸಿದ್ದೆ. ಅಗಸಿ ಎಣ್ಣೆ ಹಚ್ಚಿದ ತುಂಡು ಆಗಸ್ಟ್ ಹೊತ್ತಿಗೆ ಕಪ್ಪು ಚುಕ್ಕೆಯಿಂದ ತುಂಬಿತು. ಹೊಳೆಯುವ ಪಾರದರ್ಶಕ ವಾರ್ನಿಶ್ ಹಚ್ಚಿದ್ದು ಜುಲೈವರೆಗೆ ಮದುಮಗಳ ಹಾಗೆ ಇತ್ತು. ಆಮೇಲೆ ಗರಗಸ ಹಾಕಿದ ತುದಿಯಲ್ಲಿ, ಮೊಳೆಯ ಸುತ್ತ ಬಿಳಿ ಗುಳ್ಳೆ ಎದ್ದು ಪೊರೆ ಕಿತ್ತಿತು. ಏನೂ ಹಚ್ಚದ್ದು ಬೂದು ಬಣ್ಣಕ್ಕೆ ತಿರುಗಿ ಸಣ್ಣ ಸೀಳು ಬಿಟ್ಟಿತು, ಕೊಳೆತಿರಲಿಲ್ಲ. ಬಣ್ಣ ಬೆರೆತ ಎಣ್ಣೆ ಆಧಾರಿತ ಸ್ಟೇನ್ ಹಚ್ಚಿದ್ದು ಸ್ವಲ್ಪ ಮಾಸಿತ್ತು, ಅಷ್ಟೇ.

ಕಾರಣ ಸರಳ. ವಾರ್ನಿಶ್ ಕಟ್ಟಿಗೆಯ ಮೇಲೆ ಪೊರೆ ಕಟ್ಟುತ್ತದೆ. ಕಟ್ಟಿಗೆ ಹಿಗ್ಗಿ ಕುಗ್ಗಿದಾಗ ಪೊರೆ ಎಲ್ಲೋ ಒಂದು ಕಡೆ ಬಿರಿಯುತ್ತದೆ. ಆ ಕೂದಲೆಳೆಯಷ್ಟು ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಅದೇ ದಾರಿಯಲ್ಲಿ ಹೊರಗೆ ಬರಲಾರದು. ಸ್ಟೇನ್ ಒಳಕ್ಕೆ ಇಂಗುತ್ತದೆ, ಪೊರೆ ತೆಳು, ತೇವಕ್ಕೆ ಹೊರದಾರಿ ಇರುತ್ತದೆ. ಮಾಸಿದರೆ ತೊಳೆದು ಮೇಲೊಂದು ಕೈ ಹಚ್ಚಿದರೆ ಸಾಕು. ವಾರ್ನಿಶ್ ಕಿತ್ತರೆ ಪೂರ್ತಿ ಕೆರೆದು ತೆಗೆಯಬೇಕು.

ಬಣ್ಣ ಇರುವುದೇ ಯಾಕೆ ಬೇಕು? ಕಟ್ಟಿಗೆಯ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ. ಬಣ್ಣದ ಕಣ ಆ ಕಿರಣಕ್ಕೆ ಕೊಡೆ ಹಿಡಿದಂತೆ. ಪೂರ್ತಿ ಪಾರದರ್ಶಕ ಸೀಲರ್‌ಗೆ ಈ ಶಕ್ತಿ ಕಡಿಮೆ, ಅದು ಬೇಗ ಸೋಲುತ್ತದೆ. ಕಟ್ಟಿಗೆಯ ಗೆರೆ ಕಾಣುವಂಥ ಅರೆಪಾರದರ್ಶಕ ಸ್ಟೇನ್ ಒಳ್ಳೆಯ ನಡುದಾರಿ. ಕೊಳ್ಳುವಾಗ ಡಬ್ಬಿಯ ಮೇಲೆ ಹೊರಾಂಗಣ ಬಳಕೆಗೆ, ಶಿಲೀಂಧ್ರನಾಶಕ ಇದೆ ಎಂದು ಬರೆದಿದೆಯಾ ನೋಡಿ.

ಕರಾವಳಿಯವರಿಗೂ ತಮ್ಮದೇ ಎಣ್ಣೆ ಇದೆ: ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು. ದೋಣಿಗೆ, ಮನೆಯ ಪಕಾಸಿಗೆ ಇದನ್ನು ಹಚ್ಚುವ ರೂಢಿ ಹಳೆಯದು. ಹುಳಕ್ಕೂ ನೀರಿಗೂ ಇದು ಗಟ್ಟಿ. ಕಟ್ಟಿಗೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ನೆಲದ ಹತ್ತಿರದ ಕಂಬಕ್ಕೆ ಸರಿ, ಮಕ್ಕಳು ಕೈಹಾಕುವ ಗೇಟಿಗೆ ಬೇಡ.

ಬ್ರಷ್ ಹಿಡಿಯುವ ಮೊದಲು

ಬೇಲಿಯ ಆಯುಸ್ಸು ಅರ್ಧ ನಿರ್ಧಾರವಾಗುವುದು ಬಣ್ಣಕ್ಕೆ ಮುಂಚೆ.

ಮೊದಲನೆಯದು ತುದಿ. ಮರ ಬೇರಿನಿಂದ ನೀರೆಳೆಯುತ್ತಿದ್ದ ಕೊಳವೆಗಳೆಲ್ಲ ಅಡ್ಡ ಕೊಯ್ದ ತುದಿಯಲ್ಲಿ ಬಾಯಿ ತೆರೆದಿರುತ್ತವೆ. ಹಲಗೆಯ ಮೈಗಿಂತ ತುದಿ ಎಷ್ಟೋ ಪಟ್ಟು ಬೇಗ ನೀರು ಕುಡಿಯುತ್ತದೆ. ಕಂಬದ ತಲೆಯನ್ನು ಇಳಿಜಾರಾಗಿ ಕೊಯ್ಸಿ. ಮೈಗೆ ಎರಡು ಕೈ ಹಚ್ಚಿದರೆ ತುದಿಗೆ ನಾಲ್ಕು.

ಎರಡನೆಯದು ನೆಲ. ಹಲಗೆಯ ಕೆಳತುದಿ ಮಣ್ಣಿನಿಂದ ಎರಡು ಇಂಚಾದರೂ ಮೇಲಿರಲಿ. ಕಂಬವನ್ನು ಮಣ್ಣಲ್ಲಿ ಹೂಳುವ ಬದಲು ಚಿರೆಕಲ್ಲಿನ ಪೀಠದ ಮೇಲೆ ಲೋಹದ ಪಟ್ಟಿಯಲ್ಲಿ ನಿಲ್ಲಿಸಿ.

ಮೂರನೆಯದು ಮೊಳೆ. ಸಾಗವಾನಿ, ಅಕೇಶಿಯಾದಂಥ ಕಟ್ಟಿಗೆಯಲ್ಲಿ ಟ್ಯಾನಿನ್ ಇದೆ. ಸಾದಾ ಕಬ್ಬಿಣದ ಮೊಳೆ ತೇವದಲ್ಲಿ ಅದರ ಜೊತೆ ಸೇರಿ ಕಪ್ಪು ಕಣ್ಣೀರು ಸುರಿಸುತ್ತದೆ. ಸಮುದ್ರಕ್ಕೆ ಹತ್ತಿರವಿದ್ದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ದುಬಾರಿ ಅನಿಸುತ್ತದೆ, ಎರಡನೇ ಮಳೆಗಾಲಕ್ಕೆ ಅನಿಸುವುದಿಲ್ಲ.

ನಾಲ್ಕನೆಯದು, ನಮ್ಮ ಹಾಗೆ ಹಳೆ ಬಾಗಿಲು ಬಳಸುವವರಿಗೆ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಆದ್ದರಿಂದ ಒಣ ಸ್ಯಾಂಡ್‌ಪೇಪರ್‌ನಿಂದ ಧೂಳೆಬ್ಬಿಸಬೇಡಿ. ನೀರು ಹಾಕಿ ತಿಕ್ಕಿ, ಮಾಸ್ಕ್ ಹಾಕಿ, ಮಕ್ಕಳು ಮತ್ತು ಬಸುರಿಯರನ್ನು ದೂರ ಇಡಿ.

ದೇಶ ಮರೆತ ಒಂದು ಶೋಧ

ಹೊಸ ಕಟ್ಟಿಗೆ ಕೊಳ್ಳುವವರು "ಟ್ರೀಟೆಡ್" ಎಂಬ ಮಾತು ಕೇಳಿರುತ್ತೀರಿ. ಒತ್ತಡದ ಟ್ಯಾಂಕಿನಲ್ಲಿ ಔಷಧಿಯನ್ನು ಕಟ್ಟಿಗೆಯ ಒಳಕ್ಕೆ ತುಂಬುವ ವಿಧಾನ ಅದು. ಜಗತ್ತಿನ ತುಂಬ ಬೇಲಿ ಕಂಬ, ವಿದ್ಯುತ್ ಕಂಬಗಳನ್ನು ದಶಕಗಳ ಕಾಲ ಉಳಿಸಿದ ತಾಮ್ರ–ಕ್ರೋಮಿಯಂ–ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ರೂಪಿಸಿದವರು ನಮ್ಮವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಆಮೇಲೆ ಆರ್ಸೆನಿಕ್ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಕಟ್ಟಿಗೆಗೆ ಇದನ್ನು ಕೈಬಿಟ್ಟರು. ತಾಮ್ರ ಆಧಾರಿತ ಬೇರೆ ಔಷಧಿಗಳು ಬಂದವು. ಹಸಿರು ಛಾಯೆಯ ಹಳೆ ಕಂಬ ಸಿಕ್ಕರೆ ಒಲೆಗೆ ಹಾಕಬೇಡಿ, ಹೊಗೆ ವಿಷ. ಇಂಥ ಔಷಧಿ ಕೊಳೆಯದಂತೆ ಕಾಯುತ್ತದೆ, ಬಿಸಿಲಿನಿಂದ ಕಾಯುವುದಿಲ್ಲ. ಹಾಗಾಗಿ ಟ್ರೀಟೆಡ್ ಕಟ್ಟಿಗೆಗೂ ಮೇಲೆ ಸ್ಟೇನ್ ಬೇಕೇ ಬೇಕು. ಹೆಚ್ಚಿನ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಕಟ್ಟಿಗೆಯ ಬಾಳಿಕೆ ಅವರ ಅಧ್ಯಯನದ ವಿಷಯವೇ.

ಯಾವಾಗ, ಹೇಗೆ?

ಕರಾವಳಿಯಲ್ಲಿ ಇದಕ್ಕೆ ಸಕಾಲ ಡಿಸೆಂಬರ್‌ನಿಂದ ಫೆಬ್ರುವರಿ. ದೀಪಾವಳಿಯ ಅವಸರಕ್ಕೆ ಹಚ್ಚಬೇಡಿ, ಕಟ್ಟಿಗೆ ಒಳಗೆ ಇನ್ನೂ ಹಸಿ ಇರುತ್ತದೆ.

• ಸಿಹಿ ನೀರು, ಪಾತ್ರೆ ತೊಳೆಯುವ ಸೋಪು, ಮೆದು ಬ್ರಷ್ ಹಿಡಿದು ಉಪ್ಪು, ಪಾಚಿ ತೊಳೆಯಿರಿ. ಒಂದು ವಾರ ಒಣಗಲು ಬಿಡಿ.

• ನಾಲ್ಕು ಹನಿ ನೀರು ಚಿಮುಕಿಸಿ. ಕೆಲವೇ ನಿಮಿಷದಲ್ಲಿ ಇಂಗಿದರೆ ಕಟ್ಟಿಗೆ ಸಿದ್ಧ. ಮುತ್ತಿನಂತೆ ನಿಂತರೆ ಹಳೆ ಲೇಪ ಇನ್ನೂ ಇದೆ, ಅಥವಾ ಕಟ್ಟಿಗೆ ಒಣಗಿಲ್ಲ. ತೇವಾಂಶ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಶೇ 15ರ ಆಸುಪಾಸು ಬಂದರೆ ಶುರು ಮಾಡಿ.

• ಇಬ್ಬನಿ ಆರಿದ ಮೇಲೆ, ಬಿಸಿಲು ನೇರ ಬೀಳದ ಹೊತ್ತಲ್ಲಿ ಹಚ್ಚಿ. ತೆಳುವಾಗಿ ಎರಡು ಕೈ. ಇಂಗದೆ ಉಳಿದದ್ದನ್ನು ಹದಿನೈದು–ಇಪ್ಪತ್ತು ನಿಮಿಷಕ್ಕೆ ಒರೆಸಿ ತೆಗೆಯಿರಿ.

• ಲೆಕ್ಕ: 10 ಮೀಟರ್ ಉದ್ದ, 1 ಮೀಟರ್ ಎತ್ತರದ ಬೇಲಿಗೆ ಎರಡೂ ಬದಿ ಸೇರಿ 20 ಚದರ ಮೀಟರ್. ಎರಡು ಕೈಗೆ 40. ಲೀಟರ್‌ಗೆ 10 ಚದರ ಮೀಟರ್ ಹಿಡಿದರೆ 4 ಲೀಟರ್. ಹಳೆಯ, ಒರಟು ಕಟ್ಟಿಗೆ ಇನ್ನಷ್ಟು ಕುಡಿಯುತ್ತದೆ.

• ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಕೂಡಿ ಅರಿವೆ ತಾನೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಇಷ್ಟು ಮಾಡಿದರೆ ಶಾಶ್ವತವೇ? ಇಲ್ಲ. ಸಮುದ್ರದ ದಿಕ್ಕಿಗೆ, ಪಡುವಣ ಬಿಸಿಲಿಗೆ ಮುಖ ಮಾಡಿದ ಬದಿ ಬೇಗ ಮಾಸುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಅದಕ್ಕೊಂದು ಕೈ ಬೇಕು. ನೆರಳಿನ ಬದಿ ಇನ್ನೂ ಕೆಲವು ವರ್ಷ ತಡೆಯುತ್ತದೆ. ನಮ್ಮ ಬೇಲಿಗೆ ಪ್ರತಿ ಡಿಸೆಂಬರ್‌ನಲ್ಲಿ ಅವ್ವನೇ ನೀರು ಚಿಮುಕಿಸಿ ನೋಡುತ್ತಾಳೆ. ಇಂಗಿದ ಕಡೆ ಸೀಮೆಸುಣ್ಣದ ಗುರುತು ಹಾಕುತ್ತಾಳೆ, ರಜೆಯ ದಿನ ನಾನು ಅಲ್ಲಿಗಷ್ಟೇ ಹಚ್ಚುತ್ತೇನೆ. ಅರ್ಧ ದಿನದ ಕೆಲಸ. ಬೇಲಿ ಪೂರ್ತಿ ಹಾಳಾದ ಮೇಲೆ ಮಾಡುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ.