ಕೈಗೆ ಭಾರ ಹತ್ತಿದರೆ ಒಳ್ಳೆಯ ಚಾಕೇ?

ಗುಂಡ್ಲುಪೇಟೆ ಸುತ್ತಿನ ಹೊಲಗಳಲ್ಲಿ ಸಣ್ಣ ಈರುಳ್ಳಿ, ಅರಿಸಿನ, ಚೆಂಡುಹೂವು, ಬಾಳೆ ಬೆಳೆಯುವವರಿಗೆ ಚಾಕು ಷೋಕಿಯ ವಸ್ತುವಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಡ್ರಿಪ್ ಪೈಪು ಕತ್ತರಿಸಬೇಕು, ಹಗ್ಗ ತುಂಡರಿಸಬೇಕು, ಬಿಸಿಲೇರಿದಾಗ ಒಂದು ಸೌತೆಕಾಯಿ ಹೆಚ್ಚಬೇಕು. ದೊಡ್ಡ ಕೆಲಸಕ್ಕೆ ಮಚ್ಚು, ಕುಡುಗೋಲು ಇದ್ದೇ ಇವೆ. ಈ ಚಿಲ್ಲರೆ ಕೆಲಸಗಳಿಗೆ ಜೇಬಿನಲ್ಲಿ ಮಡಚಿಟ್ಟುಕೊಳ್ಳುವ ಚಾಕು ಸಾಕು. ಆದರೆ ಅದನ್ನು ಕೊಳ್ಳುವಾಗ ಹೆಚ್ಚಿನವರು ಮಾಡುವ ಪರೀಕ್ಷೆ ಒಂದೇ: ಅಂಗೈಯಲ್ಲಿಟ್ಟು ತೂಗಿ ನೋಡುವುದು. ಭಾರವಿದ್ದರೆ ಗಟ್ಟಿ, ಹಗುರವಿದ್ದರೆ ಮಕ್ಕಳಾಟಿಕೆ.

ತೂಕ ಹೇಳುವುದು ಪೂರ್ತಿ ಸತ್ಯವನ್ನಲ್ಲ. ಅಗ್ಗದ ಎಷ್ಟೋ ಚಾಕುಗಳಲ್ಲಿ ಭಾರವಿರುವುದು ಹಿಡಿಯಲ್ಲಿ. ಕೆಲಸ ಮಾಡುವುದು ಅಲಗು. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ಮರದ ಹಿಡಿಯ ಚಾಕು ರೈತರ, ಕುರುಬರ ಜೇಬಿಗೆಂದೇ ಹುಟ್ಟಿದ್ದು. ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಅದರ 8ನೇ ನಂಬರಿನ ಚಾಕುವಿಗೆ 8.5 ಸೆಂ.ಮೀ. ಅಲಗು, ತೂಕ ಸುಮಾರು 45 ಗ್ರಾಂ, ಒಂದು ಕೋಳಿಮೊಟ್ಟೆಗಿಂತಲೂ ಕಡಿಮೆ. ಅಲಗಿನ ಬೆನ್ನು 2 ಮಿ.ಮೀ.ಗೂ ತೆಳು. ಹಣ್ಣಾಗಲಿ ಹಗ್ಗವಾಗಲಿ ಸಲೀಸಾಗಿ ಕತ್ತರಿಸಿಹೋಗುವುದು ಆ ತೆಳುತನದಿಂದಲೇ. ದಪ್ಪ ಬೆನ್ನಿನ ಅಲಗು ಸೌತೆಕಾಯಿಯನ್ನು ಹೆಚ್ಚುವುದಿಲ್ಲ, ಸೀಳುತ್ತದೆ. ಹಾಗೆಂದು ತೆಳು ಅಲಗಿನಿಂದ ಡಬ್ಬಿಯ ಮುಚ್ಚಳ ಮೀಟಿದರೆ ತುದಿ ಮುರಿದೀತು. ಆ ಕೆಲಸಕ್ಕೆ ಸ್ಕ್ರೂಡ್ರೈವರ್ ಇದೆ.

ಅಂಗಡಿಯಲ್ಲಿ ನಿಜಕ್ಕೂ ನೋಡಬೇಕಾದ್ದು ಕೀಲು. ಚಾಕು ಬಿಚ್ಚಿ, ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಬೇಕು. ಹೊಸದರಲ್ಲೇ ಅಲುಗಾಡಿದರೆ ಅಲ್ಲೇ ವಾಪಸ್ ಇಟ್ಟು ಬರುವುದು ಒಳ್ಳೆಯದು. ಮಡಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು, ಒಂದು ಬದಿಗೆ ಉಜ್ಜಬಾರದು.

‘ಲಾಕ್ ಇದೆ, ಬೆರಳಿಗೆ ಅಪಾಯವಿಲ್ಲ’ ಎಂಬುದು ಇನ್ನೊಂದು ನಂಬಿಕೆ. ಲಾಕ್ ಎಂಬುದು ಹೆಚ್ಚುವರಿ ಭದ್ರತೆ, ಅಷ್ಟೇ. ಒಳಗಿನ ತಗಡು ಸವೆದರೆ, ಮಣ್ಣು ಕೂತರೆ ಅದೂ ಜಾರುತ್ತದೆ. ಒಪಿನೆಲ್ ಚಾಕುವಿಗೆ ತಿರುಗಿಸುವ ಬಳೆ ಬಂದದ್ದು 1955ರಲ್ಲಿ. ಅದಕ್ಕೂ ಮೊದಲು ಆರು ದಶಕ ಜನ ಲಾಕ್ ಇಲ್ಲದೆಯೇ ಬಳಸಿದರು. 1897ರಲ್ಲಿ ನೋಂದಣಿಯಾದ ಸ್ವಿಸ್ ಸೇನಾಧಿಕಾರಿಗಳ ಚಾಕುವಿನ ವಂಶದ ಸಣ್ಣ ಚಾಕುಗಳಲ್ಲಿ ಈಗಲೂ ಅಲಗನ್ನು ಹಿಡಿದಿಡುವುದು ಬರಿಯ ಸ್ಪ್ರಿಂಗು. ತುದಿಯಿಂದ ಚುಚ್ಚುವುದು, ಬೆನ್ನಿನ ಮೇಲೆ ಒತ್ತಡ ಹಾಕುವುದು ಎರಡನ್ನೂ ಬಿಟ್ಟರೆ ಅವೂ ಸುರಕ್ಷಿತವೇ.

ಉಕ್ಕಿನ ವಿಷಯದಲ್ಲಂತೂ ನಂಬಿಕೆಗಳ ಸಂತೆಯೇ ಇದೆ. ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದು ಎಂದುಕೊಳ್ಳುತ್ತಾರೆ. ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇದ್ದರೆ ಆ ಹೆಸರು ಸಿಗುತ್ತದೆ. ನಿಂಬೆರಸ, ಬೆವರಿನ ಉಪ್ಪು ಒರೆಸದೆ ಮಡಚಿಟ್ಟರೆ ಕೀಲಿನೊಳಗೆ ಅದಕ್ಕೂ ಕಲೆ ಬೀಳುತ್ತದೆ. ಈಗ ಜನಪ್ರಿಯವಾಗಿರುವ ಡಿ2 ಉಕ್ಕಿನಲ್ಲಿ ಸುಮಾರು 12 ಶೇಕಡಾ ಕ್ರೋಮಿಯಂ ಇದ್ದರೂ ಇಂಗಾಲ ಒಂದೂವರೆ ಶೇಕಡಾದಷ್ಟಿರುವುದರಿಂದ ಕ್ರೋಮಿಯಂನ ದೊಡ್ಡ ಪಾಲು ಅದರೊಡನೆ ಬೆಸೆದುಹೋಗುತ್ತದೆ. ಹಾಗಾಗಿ ತುಕ್ಕು ಹಿಡಿಯುತ್ತದೆ. ಇನ್ನು ಕಾರ್ಬನ್ ಉಕ್ಕಿನ ಅಲಗು ಹಣ್ಣು ಹೆಚ್ಚಿದರೆ ಕಪ್ಪಾಗುತ್ತದೆ. ಆ ಕಪ್ಪು ಕೆಟ್ಟ ಲಕ್ಷಣವಲ್ಲ. ಕೆಂಪು ತುಕ್ಕಾದರೆ ಮಾತ್ರ ಚಿಂತೆ.

‘ಎಷ್ಟು ಗಡಸೋ ಅಷ್ಟು ಒಳ್ಳೆಯದು’ ಎಂಬುದೂ ಅರ್ಧಸತ್ಯ. ಗಡಸು ಉಕ್ಕು ಹರಿತವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ, ಆದರೆ ಬಾಯಿ ಚಕ್ಕೆ ಏಳುವ ಸಂಭವವೂ ಜಾಸ್ತಿ, ಮಸೆಯಲು ಶ್ರಮವೂ ಜಾಸ್ತಿ. ಸ್ವಿಸ್ ಚಾಕುವಿನ ಗಡಸುತನ ರಾಕ್‌ವೆಲ್ ಮಾಪನದಲ್ಲಿ ಸುಮಾರು 56. ಮನೆಯ ಮಸೆಗಲ್ಲಿನಲ್ಲೇ ನಾಲ್ಕು ಸಲ ಎಳೆದರೆ ಮತ್ತೆ ಹರಿತ. ಗುಂಡ್ಲುಪೇಟೆಯ ಹೊಲದವರಿಗೆ ಇಂಥ ಉಕ್ಕೇ ಲೇಸು ಎನ್ನಬೇಕು. ಉಕ್ಕಿನ ಹೆಸರಿಗಿಂತ ಅದನ್ನು ಕಾಸಿ ತಣಿಸಿದ ಕೈ ಮುಖ್ಯ. ಆ ಹದ ತಪ್ಪಿಸುವುದು ಸುಲಭ: ವೇಗದ ಗ್ರೈಂಡರಿಗೆ ಕೊಟ್ಟಾಗ ತೆಳುವಾದ ಬಾಯಿ ನೀಲಿಗಟ್ಟಿತೆಂದರೆ ಶಾಖ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದೆ, ಅಷ್ಟು ಭಾಗ ಮೆತ್ತಗಾಗಿದೆ ಎಂದೇ ಅರ್ಥ. ಮುಂದೆ ಎಷ್ಟು ಮಸೆದರೂ ಆ ನೀಲಿ ಭಾಗ ಸವೆದುಹೋಗುವ ತನಕ ಹರಿತ ನಿಲ್ಲದು.

ಮೊಂಡು ಚಾಕು ಸುರಕ್ಷಿತ ಎಂಬ ಮಾತಿಗೆ ಹೆಚ್ಚು ವಾದ ಬೇಡ. ಮೊಂಡಾದಷ್ಟೂ ಬಲ ಹಾಕುತ್ತೇವೆ, ಬಲ ಹಾಕಿದಷ್ಟೂ ಜಾರುತ್ತದೆ.

ಇಷ್ಟೆಲ್ಲ ನೋಡಿ ಕೊಂಡ ಚಾಕು ಜೇಬಿನಲ್ಲಿರುವಾಗಲೇ ಪಕ್ಕದ ಬಂಡೀಪುರದ ಕಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಎದುರಾಗುತ್ತದೆ: ‘9 ಇಂಚಿನೊಳಗಿದ್ದರೆ ಕಾನೂನಿನ ಅಡ್ಡಿಯಿಲ್ಲ.’ ಈ 9 ಇಂಚಿನ ಲೆಕ್ಕ ಬಂದದ್ದು ಶಸ್ತ್ರಾಸ್ತ್ರ ನಿಯಮಗಳಿಂದ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗನ್ನು ಅವು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯಕ್ಕೆಂದು ಮಾಡಿದವನ್ನು ಬಿಡುತ್ತವೆ. ಆದರೆ ಕಾಡಿಗೆ ಬೇರೆಯೇ ಕಾಯ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಆಯುಧ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಬಂದೂಕು, ಬಿಲ್ಲುಬಾಣ, ಉರುಲು, ಬಲೆಗಳ ಸಾಲಿನಲ್ಲೇ ಚಾಕುವೂ ಇದೆ. ಅಲ್ಲಿ ಇಂಚಿನ ಮಾತೇ ಇಲ್ಲ. 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. 35ನೇ ಸೆಕ್ಷನ್ ಇದನ್ನು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಬಂಡೀಪುರ 1973ರಿಂದ ಹುಲಿ ಯೋಜನೆಯಲ್ಲಿದೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಯ್ದೆ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, 2022ರ ತಿದ್ದುಪಡಿಯ ನಂತರ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 45 ಗ್ರಾಂ ಎಂಬುದು ಇಲ್ಲಿ ಸಮಜಾಯಿಷಿಯಾಗದು.

‘ಆನೆ ಗೀನೆ ಬಂದರೆ ಕೈಯಲ್ಲಿ ಏನಾದರೂ ಇರಲಿ’ ಎನ್ನುವವರೂ ಉಂಟು. ಆನೆಯ ಚರ್ಮ ಕೆಲವೆಡೆ ಎರಡೂವರೆ ಸೆಂ.ಮೀ. ದಪ್ಪ, ಚಾಕು ತೋರುವಷ್ಟು ಹತ್ತಿರಕ್ಕೆ ಆನೆ ಬಂದಾಗ ಚಾಕುವಿನಿಂದ ಆಗುವುದೇನೂ ಇಲ್ಲ. ಅಂತರ ಕಾಯ್ದುಕೊಳ್ಳುವುದು, ವಾಹನದಿಂದ ಇಳಿಯದಿರುವುದು, ಇವೆರಡೇ ಇಲ್ಲಿ ರಕ್ಷಣೆ.

ಸಫಾರಿಗೆ ಹೊರಟವರು ಚಾಕುವನ್ನು ತಂಗಿದ ಕೋಣೆಯಲ್ಲೇ ಬಿಟ್ಟರೆ ಸರಿ. ಸುಲ್ತಾನ್ ಬತ್ತೇರಿ ಕಡೆಗೋ ಊಟಿ ಕಡೆಗೋ ಹೋಗುವವರು ಗುಂಡ್ಲುಪೇಟೆಯಲ್ಲೇ ಹಣ್ಣು ಹೆಚ್ಚಿ ಡಬ್ಬಿಗೆ ತುಂಬಿಕೊಳ್ಳಲಿ. ಮುಂದಿನ ಕಾಡಿನ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ನಿರ್ಬಂಧ. ಹಗಲಿನಲ್ಲೂ ನಡುವೆ ಎಲ್ಲಿಯೂ ಗಾಡಿ ನಿಲ್ಲಿಸುವಂತಿಲ್ಲ.